ಶಾಲೆಯ ವೈಕಿಂಗ್ ದಿನ: ಮಕ್ಕಳ ಕೈಗೆ ಏನು ಕೊಡಬೇಕು?

ಊಸ್ ತೀರದವಳು, ಯಾರ್ಕ್

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ವರ್ಷದ ತರಗತಿಯಲ್ಲಿದ್ದಾಳೆ. ಇಂಗ್ಲೆಂಡಿನ ಪಠ್ಯಕ್ರಮದ ಪ್ರಕಾರ 7ರಿಂದ 11 ವರ್ಷದ ಮಕ್ಕಳು ಈ ನೆಲಕ್ಕಾಗಿ ಸ್ಕ್ಯಾಂಡಿನೇವಿಯಾದಿಂದ (ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ) ಹಡಗಿನಲ್ಲಿ ಬಂದ ವೈಕಿಂಗರಿಗೂ ಮೊದಲೇ ಇಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ನರಿಗೂ ನಡೆದ ಹೋರಾಟವನ್ನು ಓದುತ್ತಾರೆ. ಯಾರ್ಕಿನ ಮಕ್ಕಳಿಗಂತೂ ಅದು ತಮ್ಮ ಊರಿನದೇ ಕಥೆ. 866ರಲ್ಲಿ ವೈಕಿಂಗ್ ಸೇನೆ ಈ ಊರನ್ನು ಹಿಡಿಯಿತು. ನಡುನಡುವೆ ಅಧಿಕಾರ ಕೈ ಬದಲಾದರೂ 954ರವರೆಗೆ ಅವರ ದೊರೆಗಳು ಇಲ್ಲಿಂದ ಆಳಿದರು. ಮುಂದಿನ ತಿಂಗಳು ಶಾಲೆಯಲ್ಲಿ 'ವೈಕಿಂಗ್ ದಿನ' ನಡೆಯಲಿದೆ. ಪೋಷಕರು ಒಂದೊಂದು ಚಟುವಟಿಕೆಯ ಹೊಣೆ ಹೊರಬೇಕೆಂದು ಶಿಕ್ಷಕರು ಕೇಳಿದ್ದಾರೆ.

ಪೋಷಕರ ಗುಂಪಿನಲ್ಲಿ ಮೊದಲು ಬಂದ ಸಲಹೆಗಳು ಮೂರು: ರಟ್ಟಿನಿಂದ ಕೊಂಬಿನ ಶಿರಸ್ತ್ರಾಣ ಮಾಡುವುದು, ಗುರಾಣಿಗೆ ಬಣ್ಣ ಹಚ್ಚುವುದು, ಮೈದಾನದಲ್ಲಿ ದಾಳಿಯ ಆಟ ಆಡಿಸುವುದು. ಇವು ನನಗೆ ಒಪ್ಪಿಗೆಯಾಗಲಿಲ್ಲ. ವೈಕಿಂಗರು ಕೊಂಬಿನ ಶಿರಸ್ತ್ರಾಣ ತೊಡುತ್ತಿದ್ದರು ಎನ್ನಲು ಯಾವ ಪುರಾವೆಯೂ ಇಲ್ಲ. ಅದು ಜನರ ಮನಸ್ಸಿನಲ್ಲಿ ಕೂತದ್ದು 1876ರಲ್ಲಿ ಜರ್ಮನ್ ಸಂಗೀತಗಾರ ವಾಗ್ನರನ ಸಂಗೀತನಾಟಕಕ್ಕೆ ಸಿದ್ಧಪಡಿಸಿದ ವೇಷಭೂಷಣದಿಂದ. ನಾರ್ವೆಯಲ್ಲಿ 1943ರಲ್ಲಿ ಸಿಕ್ಕ ಆ ಕಾಲದ ಕಬ್ಬಿಣದ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ಗುಂಡನೆಯ ಟೊಪ್ಪಿಗೆ, ಕಣ್ಣು ಮೂಗುಗಳಿಗೆ ಲೋಹದ ಮರೆ, ಇಷ್ಟೇ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಆ ಜನರಲ್ಲಿ ಬಹುಪಾಲು ಮಂದಿ ಉಳುವವರು, ಕುರಿ ಸಾಕುವವರು, ಮೀನು ಹಿಡಿಯುವವರು, ಮರ ಕಡೆಯುವವರು, ನೂಲುವವರು. ಮಕ್ಕಳು ಒಂದು ದಿನವಿಡೀ ರಟ್ಟಿನ ಕತ್ತಿ ಬೀಸಿ ಮನೆಗೆ ಹೋದರೆ ಆ ಬದುಕಿನ ಅಂಚನ್ನೂ ಮುಟ್ಟಿದಂತಾಗುವುದಿಲ್ಲ. ಉಣ್ಣೆ ನೂಲುವುದು, ಧಾನ್ಯ ಬೀಸುವುದು, ತಡಿಕೆ ಹೆಣೆದು ಮಣ್ಣು ಮೆತ್ತುವುದು, ಇವನ್ನು ಮಾಡಿಸಬೇಕೆಂಬುದು ನನ್ನ ಆಸೆ. ಎಂಟು ವರ್ಷದ ಮಕ್ಕಳ ಕೈಯಲ್ಲಿ ಇದನ್ನೆಲ್ಲ ಹೇಗೆ ಮಾಡಿಸಬಹುದು? ಕೈಕೆಲಸ ಬಲ್ಲವರು, ಪಾಠ ಮಾಡಿದವರು ದಯವಿಟ್ಟು ಹೇಳಿ.

ಮೇಷ್ಟ್ರು, ಧಾರವಾಡ

ತಂಗಿ, ನಿಮ್ಮ ಯೋಚನೆ ಸರಿಯಾಗಿದೆ. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದ ನಂತರ ಮೂಲಶಿಕ್ಷಣದ ಶಾಲೆಗಳು ಬಂದವು. ಗಾಂಧೀಜಿಯವರ ಬೇಡಿಕೆ ಬರಿಯ 'ಕೈಕೆಲಸದ ಪೀರಿಯಡ್' ಆಗಿರಲಿಲ್ಲ. ಕೈಕೆಲಸದ ಮೂಲಕವೇ ಲೆಕ್ಕ, ಭೂಗೋಳ, ಇತಿಹಾಸಗಳನ್ನು ಕಲಿಸಬೇಕು ಎಂದು ಅವರು ಹೇಳಿದ್ದರು. ತಕಲಿ ಹಿಡಿದು ಕೂತ ಮಗು ಎಷ್ಟು ಎಳೆ ತೆಗೆದೆ ಎಂದು ಎಣಿಸುತ್ತದೆ, ಹತ್ತಿ ಎಲ್ಲಿ ಬೆಳೆಯುತ್ತದೆ ಎಂದು ಕೇಳುತ್ತದೆ, ಬಟ್ಟೆ ಯಾಕೆ ದುಬಾರಿ ಎಂದು ಯೋಚಿಸುತ್ತದೆ. ತಕಲಿ ತಿರುಗಿಸಿ ಬೆಳೆದ ಪೀಳಿಗೆಯ ಕೊನೆಯ ಸಾಲಿನಲ್ಲಿ ನಾನೂ ಇದ್ದೇನೆ.

ಶಿಕ್ಷಕನಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಐದಾರು ಚಟುವಟಿಕೆ ಇಟ್ಟು ಒಂದೊಂದಕ್ಕೆ ಹದಿನೈದು ನಿಮಿಷ ಕೊಡುವ ವ್ಯವಸ್ಥೆಗೆ ಒಪ್ಪಬೇಡಿ. ಹದಿನೈದು ನಿಮಿಷದಲ್ಲಿ ಮಗು ಸೋಲುವುದಕ್ಕೂ ಸಮಯವಿರುವುದಿಲ್ಲ. ನೂಲು ಹತ್ತು ಸಲ ಹರಿಯಬೇಕು, ಹನ್ನೊಂದನೆಯ ಸಲ ನಿಲ್ಲಬೇಕು. ಆ ಹತ್ತು ಸಲದಲ್ಲಿಯೇ ಪಾಠವಿದೆ. ಎರಡೇ ಕೆಲಸ ಇಡಿ, ಅರ್ಧ ಅರ್ಧ ದಿನ ಕೊಡಿ.

ಕಂಬಳಿ ಮನೆ, ಚಳ್ಳಕೆರೆ

ನಮ್ಮದು ಕುರಿ ಸಾಕುವ, ಕಂಬಳಿ ನೇಯುವ ಮನೆತನ. ಉಣ್ಣೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮೇಡಂ, ಅಲ್ಲಿನ ಕುರಿ ಯಾವ ಜಾತಿಯದು? ಕತ್ತರಿಸಿದ ಉಣ್ಣೆಯನ್ನು ತೊಳೆದು ತರುತ್ತೀರೋ, ಜಿಡ್ಡು ಇರುವಂತೆಯೇ ತರುತ್ತೀರೋ? ಮಕ್ಕಳಿಗೆ ಹಿಂಜುವುದನ್ನೂ ಕಲಿಸಿ. ಹಿಂಜದ ಉಣ್ಣೆಯಿಂದ ದೊಡ್ಡವರಿಗೂ ನೂಲು ಬರುವುದಿಲ್ಲ. ನಮ್ಮ ಕಡೆ ಉಣ್ಣೆಯಲ್ಲಿ ಸಿಕ್ಕಿದ ಕಸಕಡ್ಡಿ, ಮುಳ್ಳು ತೆಗೆಯುವ ಕೆಲಸವನ್ನು ಮೊದಲಿನಿಂದಲೂ ಮಕ್ಕಳು, ಮುದುಕರು ಮಾಡುತ್ತಾರೆ. ಅಲ್ಲಿಯೂ ಹಾಗೆಯೇ ಇದ್ದಿರಬೇಕು. ಅವರ ಮಗ್ಗ ಹೇಗಿತ್ತು ಎಂಬುದನ್ನು ತಿಳಿಯುವ ಕುತೂಹಲವಿದೆ. ನಮ್ಮದು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ.

ಊಸ್ ತೀರದವಳು, ಯಾರ್ಕ್

ಅಣ್ಣಾ, ಇಂಥ ಪ್ರಶ್ನೆಗಳೇ ನನಗೆ ಬೇಕಾಗಿದ್ದವು.

ಕುರಿ ಚಿಕ್ಕ ಬಾಲದ ಉತ್ತರ ಯುರೋಪಿನ ಜಾತಿ. ಶೆಟ್‌ಲ್ಯಾಂಡ್, ಹೆಬ್ರಿಡಿಯನ್ ಕುರಿಗಳು ಇಂದಿಗೂ ಆ ವಂಶದವು. ಇಂಥ ಹಳೆಯ ತಳಿಗಳ ಮೈಮೇಲೆ ಎರಡು ಪದರದ ಉಣ್ಣೆ ಇರುವುದುಂಟು: ಹೊರಗೆ ಉದ್ದನೆಯ ಒರಟು ಕೂದಲು, ಒಳಗೆ ಮೆತ್ತನೆಯ ತುಪ್ಪಳು. ಬೇಸಿಗೆಯ ಆರಂಭದಲ್ಲಿ ಉಣ್ಣೆ ತಾನಾಗಿ ಸಡಿಲವಾಗುತ್ತದೆ, ಕತ್ತರಿ ಇಲ್ಲದೆ ಕೈಯಿಂದಲೇ ಕಿತ್ತು ತೆಗೆಯಬಹುದು. ಜಿಡ್ಡು ಇರುವ ಉಣ್ಣೆಯನ್ನೇ ತರಿಸುತ್ತೇನೆ. ಮಕ್ಕಳ ಬೆರಳಿಗೆ ಆ ಅಂಟು, ಮೂಗಿಗೆ ಆ ವಾಸನೆ ತಾಗಲಿ.

ಮಗ್ಗ ನಿಮ್ಮದಕ್ಕಿಂತ ತೀರ ಬೇರೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಎರಡು ಕಂಬ, ಮೇಲೆ ಅಡ್ಡ ತೊಲೆ. ಹಾಸಿನ (ಉದ್ದದ) ಎಳೆಗಳು ಮೇಲಿನಿಂದ ಇಳಿಬೀಳುತ್ತವೆ. ಅವು ಬಿಗಿಯಾಗಿ ನಿಲ್ಲಲೆಂದು ಕೆಳಗೆ ಸುಟ್ಟ ಮಣ್ಣಿನ ಅಥವಾ ಕಲ್ಲಿನ ತೂತು ಬಿಲ್ಲೆಗಳನ್ನು ಕಟ್ಟುತ್ತಿದ್ದರು. ನೇಯುವವಳು ನಿಂತುಕೊಂಡೇ ನೇಯುತ್ತಿದ್ದಳು. ಹೊಕ್ಕಿನ (ಅಡ್ಡದ) ಎಳೆಯನ್ನು ಮೇಲ್ಮುಖವಾಗಿ ಬಡಿದು ಕೂರಿಸುತ್ತಿದ್ದಳು. ಮರದ ಮಗ್ಗ ಮಣ್ಣಾಗಿ ಹೋದರೂ ಬಿಲ್ಲೆಗಳು ಉಳಿಯುತ್ತವೆ. ಮನೆಯ ನೆಲವನ್ನು ಅಗೆದಾಗ ಅವು ಸಾಲಾಗಿ ಬಿದ್ದಿದ್ದರೆ, ಮಗ್ಗ ನಿಂತಿದ್ದ ಜಾಗ ಅದೇ ಎಂದು ತಿಳಿಯುತ್ತದೆ.

ಬಣ್ಣದ ವಿಷಯವೂ ಚೆನ್ನಾಗಿದೆ. ಇಲ್ಲಿನ ಕಾಪರ್‌ಗೇಟ್ ಬೀದಿಯ ಉತ್ಖನನದಲ್ಲಿ ಬಣ್ಣದ ಗಿಡಗಳ ಅವಶೇಷಗಳೇ ಸಿಕ್ಕಿವೆ. ಕೆಂಪಿಗೆ ಮ್ಯಾಡರ್ ಬೇರು, ಇದು ನಮ್ಮ ಮಂಜಿಷ್ಠದ ಹತ್ತಿರದ ಬಂಧು. ನೀಲಿಗೆ ವೋಡ್ ಎಂಬ ಗಿಡದ ಎಲೆ. ಅದರಲ್ಲಿರುವ ಬಣ್ಣದ ಸಾರ ನಮ್ಮ ನೀಲಿ ಗಿಡದಲ್ಲಿರುವುದೇ. ಬಣ್ಣ ಕಚ್ಚಿ ನಿಲ್ಲಲು ನಾವು ಪಟಿಕ ಹಾಕುವಂತೆ ಅವರು ಕ್ಲಬ್‌ಮಾಸ್ ಎಂಬ ಸಣ್ಣ ಕಾಡುಗಿಡವನ್ನು ಹಾಕುತ್ತಿದ್ದರು. ಯಾರ್ಕಿನಲ್ಲಿ ಸಿಕ್ಕ ಆ ಜಾತಿಯ ಗಿಡ ಸ್ಕ್ಯಾಂಡಿನೇವಿಯಾದಿಂದ ಸಮುದ್ರ ದಾಟಿ ಬಂದದ್ದು. ಬಟ್ಟೆಗೆ ಬಣ್ಣ ಹಾಕಲು ಒಂದು ಗಿಡವನ್ನು ಹಡಗಿನಲ್ಲಿ ತರಿಸುತ್ತಿದ್ದರು ಎಂದರೆ ಚೆಂದದ ಬಟ್ಟೆಯ ಮೇಲೆ ಅವರಿಗಿದ್ದ ಆಸೆಯನ್ನು ಊಹಿಸಿ.

ರೋಸ್ಕಿಲ್ಡೆ ಕನ್ನಡಿಗ, ಡೆನ್ಮಾರ್ಕ್

ಮೇಷ್ಟ್ರು ಲೆಕ್ಕದ ಮಾತೆತ್ತಿದ್ದಾರೆ. ಶಾಲೆಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ.

ಬಟ್ಟೆಯಲ್ಲಿ ಸೆಂಟಿಮೀಟರಿಗೆ 10 ಎಳೆ ಹಾಸು, 10 ಎಳೆ ಹೊಕ್ಕು ಎಂದುಕೊಳ್ಳಿ. ಒಂದು ಚದರ ಮೀಟರಿಗೆ ಹಾಸು 1,000 ಎಳೆ, ಹೊಕ್ಕು 1,000 ಎಳೆ, ಒಂದೊಂದೂ ಒಂದು ಮೀಟರ್ ಉದ್ದ. ಒಟ್ಟು 2,000 ಮೀಟರ್ ನೂಲು. ನುರಿತ ಕೈ ತಕಲಿಯಲ್ಲಿ ಗಂಟೆಗೆ ಸುಮಾರು 40 ಮೀಟರ್ ನೂಲುತ್ತದೆ ಎಂದು ಹಿಡಿದರೆ, ಒಂದು ಚದರ ಮೀಟರ್ ಬಟ್ಟೆಗೆ ನೂಲುವುದೇ 50 ಗಂಟೆ. ಹಿಂಜಿದ್ದು, ಮಗ್ಗಕ್ಕೆ ಏರಿಸಿದ್ದು, ನೇಯ್ದದ್ದು ಇದರಲ್ಲಿ ಸೇರಿಲ್ಲ. ಒಂದು ಅಂಗಿಗೆ ಎರಡೂವರೆ ಚದರ ಮೀಟರ್ ಬೇಕಾದರೆ 125 ಗಂಟೆ. ಈಗ ಹಡಗಿನ ಹಾಯಿಗೆ ಬನ್ನಿ. 100 ಚದರ ಮೀಟರಿನ ಹಾಯಿಯನ್ನು ಇದೇ ನೇಯ್ಗೆಯಲ್ಲಿ ಮಾಡಿದರೆ 200 ಕಿಲೋಮೀಟರ್ ನೂಲು, 5,000 ಗಂಟೆ. ಒಬ್ಬಳೇ ದಿನಕ್ಕೆ 10 ಗಂಟೆ ಕೂತರೆ 500 ದಿನ.

ನಮ್ಮೂರಿನ ಫ್ಯೋರ್ಡಿನ (ಒಳನಾಡಿಗೆ ಚಾಚಿದ ಕಿರಿದಾದ ಕಡಲತೋಳಿನ) ತಳದಿಂದ 1962ರಲ್ಲಿ ಐದು ಹಡಗುಗಳ ಅವಶೇಷಗಳನ್ನು ಮೇಲೆತ್ತಿದರು. ಶತ್ರುಗಳ ದಾರಿ ತಡೆಯಲೆಂದು 11ನೇ ಶತಮಾನದಲ್ಲಿ ಕಲ್ಲು ತುಂಬಿ ಮುಳುಗಿಸಿದ್ದ ಹಡಗುಗಳು ಅವು. ಅವುಗಳಲ್ಲಿ ಉದ್ದನೆಯದಾದ ಯುದ್ಧನೌಕೆಯ ಮರ ಐರ್ಲೆಂಡಿನ ಡಬ್ಲಿನ್ ಕಡೆಯದು, ಕಡಿದದ್ದು 1042ರಲ್ಲಿ. ಮರದ ಉಂಗುರಗಳಿಂದ ಇದು ತಿಳಿಯಿತು. ಆ ಕಾಲದ ಉಪಕರಣಗಳನ್ನೇ ಬಳಸಿ ಅದರ ಪ್ರತಿಕೃತಿಯನ್ನು ಇಲ್ಲಿನ ವಸ್ತುಸಂಗ್ರಹಾಲಯ ಕಟ್ಟಿತು, 2007ರಲ್ಲಿ ಸುಮಾರು 60 ಮಂದಿ ಅದನ್ನು ಡಬ್ಲಿನ್‌ವರೆಗೆ ನಡೆಸಿಕೊಂಡು ಹೋದರು. ಇಲ್ಲಿಗೆ ಬರುವ ಶಾಲಾ ಮಕ್ಕಳು ಹಡಗನ್ನು ನೋಡಿದ ಕೂಡಲೇ ಎಷ್ಟು ಜನ ಹುಟ್ಟು ಹಾಕುತ್ತಿದ್ದರು ಎಂದು ಕೇಳುತ್ತಾರೆ. ಹಾಯಿಯ ಬಟ್ಟೆ ಯಾರು ನೇಯ್ದರು ಎಂದು ಕೇಳುವ ಮಗುವನ್ನು ನಾನಿನ್ನೂ ಕಂಡಿಲ್ಲ. ಒಂದು ಬೆಳಗ್ಗೆ ತಕಲಿ ತಿರುಗಿಸಿದ ಮಗು ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ ಎಂಬ ನಂಬಿಕೆ ನನ್ನದು.

ಸಹ್ಯಾದ್ರಿ ಓದುಗ

ಎಲ್ಲರೂ ಹೊಗಳುತ್ತಿದ್ದೀರಿ. ನನ್ನ ಆಕ್ಷೇಪವನ್ನೂ ದಾಖಲಿಸುತ್ತೇನೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ.

ಈ ಜನ 793ರಲ್ಲಿ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿ ಸನ್ಯಾಸಿಗಳನ್ನು ಕೊಂದರು. ಮನುಷ್ಯರನ್ನು ಹಿಡಿದು ಮಾರಿದರು. ಡಬ್ಲಿನ್ ದೊಡ್ಡ ಗುಲಾಮರ ಮಾರುಕಟ್ಟೆಯಾಗಿತ್ತು. 922ರಲ್ಲಿ ವೋಲ್ಗಾ ನದಿಯ ದಡದಲ್ಲಿ ಇಂಥ ವ್ಯಾಪಾರಿಗಳನ್ನು ಕಣ್ಣಾರೆ ಕಂಡ ಅರಬ್ ಪ್ರವಾಸಿ ಇಬ್ನ್ ಫದ್ಲಾನ್, ಅವರು ಮಾರಲು ತಂದ ಹೆಣ್ಣುಮಕ್ಕಳ ಬಗ್ಗೆ ಬರೆದಿದ್ದಾನೆ. 'ದಿನನಿತ್ಯದ ಬದುಕು' ಎಂಬ ಹೆಸರಿನಲ್ಲಿ ರೊಟ್ಟಿ ಸುಟ್ಟು, ಬಣ್ಣದ ನೂಲು ಸುತ್ತಿ, ಆ ಕಾಲ ಹಿತವಾಗಿತ್ತು ಎಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತುವುದು ನ್ಯಾಯವೇ? ರಟ್ಟಿನ ಕತ್ತಿ ಒಂದು ಸುಳ್ಳಾದರೆ ಇದು ಇನ್ನೊಂದು ಸುಳ್ಳು. ಇನ್ನೊಂದು ಮಾತು: ಚಟುವಟಿಕೆಯಲ್ಲಿ ಏನು ಮಾಡಿದೆವು ಎಂಬುದು ಮಕ್ಕಳಿಗೆ ನೆನಪಿರುತ್ತದೆ, ಯಾಕೆ ಮಾಡಿದೆವು ಎಂಬುದು ಸಂಜೆಗೇ ಮರೆತುಹೋಗುತ್ತದೆ.

ಊಸ್ ತೀರದವಳು, ಯಾರ್ಕ್

ಸರ್, ನಿಮ್ಮ ಆಕ್ಷೇಪ ಬೇಕಾಗಿತ್ತು. ಆದರೆ ದಿನನಿತ್ಯದ ಬದುಕನ್ನು ತೋರಿಸಿದರೆ ಗುಲಾಮಗಿರಿ ಮರೆಯಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅದು ಕಾಣಿಸುವುದೇ ಅಲ್ಲಿ. ದಾಳಿಯ ಆಟದಲ್ಲಿ ಗುಲಾಮರಿಗೆ ಜಾಗವಿಲ್ಲ. ಗೆದ್ದವರು ಕೂಗಿದರೆ ಆಟ ಮುಗಿಯಿತು. ಬೀಸುವ ಕಲ್ಲಿನ ಮುಂದೆ ಮಗುವನ್ನು ಕೂರಿಸಿ. ತೋಳು ನೋಯುತ್ತದೆ, ಹಿಟ್ಟು ಒಂದು ಹಿಡಿಯೂ ಆಗಿರುವುದಿಲ್ಲ. ಆಗ ಕೇಳಬೇಕು: ಹತ್ತಿಪ್ಪತ್ತು ಜನರಿರುವ ಮನೆಗೆ ಪ್ರತಿದಿನ ಈ ಕೆಲಸ ಮಾಡುತ್ತಿದ್ದವರು ಯಾರು? ಮನೆಯ ಯಜಮಾನಿಯೋ, ಮಗಳೋ, ದೂರದೇಶದಿಂದ ಹಿಡಿದು ತಂದ ಹುಡುಗಿಯೋ? ಆ ಹುಡುಗಿಗೆ ನಿಮ್ಮಷ್ಟೇ ವಯಸ್ಸಾಗಿದ್ದರೆ? ಈ ಪ್ರಶ್ನೆ ಪುಸ್ತಕದ ಸಾಲಿನಿಂದ ಬಂದರೆ ಒಂದು ತೂಕ, ನೋಯುವ ತೋಳಿನಿಂದ ಬಂದರೆ ಇನ್ನೊಂದು.

ಬೆಚ್ಚಗಿನ ಚಿತ್ರ ಕೊಡಬಾರದು ಎಂಬ ನಿಮ್ಮ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ. ಕಿಟಕಿಯಿಲ್ಲದ ಮನೆ, ನಡುವೆ ಒಲೆ, ಒಳಗೆಲ್ಲ ಹೊಗೆ, ಹಳ್ಳಿಯ ಉದ್ದನೆಯ ಮನೆಗಳಲ್ಲಿ ಒಂದು ತುದಿಯಲ್ಲಿ ದನದ ಕೊಟ್ಟಿಗೆ. ಇದನ್ನೂ ಹೇಳಬೇಕು.

ಏಳನೇ ತರಗತಿ ಟೀಚರ್, ಬೆಂಗಳೂರು

ಒಂದು ಎಚ್ಚರಿಕೆ. ಗುಲಾಮಗಿರಿಯ ಬಗ್ಗೆ ಹೇಳಿ, ಚರ್ಚಿಸಿ. ಆದರೆ ಯಾವ ಮಗುವಿಗೂ 'ಗುಲಾಮ'ನ ಪಾತ್ರ ಕೊಡಬೇಡಿ. ಪಾತ್ರ ಹಂಚುವಾಗ ತರಗತಿಯಲ್ಲಿ ಮೊದಲೇ ಇರುವ ಮೇಲುಕೀಳು ಮೆಲ್ಲಗೆ ಒಳಗೆ ಬರುತ್ತದೆ. ಯಾರು ಮೆತ್ತಗಿರುತ್ತಾರೋ, ಯಾರ ಚರ್ಮದ ಬಣ್ಣ ಬೇರೆಯೋ, ಆ ಮಗುವಿಗೇ ಆ ಪಾತ್ರ ಹೋಗಿ ಕೂರುತ್ತದೆ. ಕಾಯಿಲೆ ಬಿದ್ದವರ ಬಗ್ಗೆ ಪಾಠ ಮಾಡಲು ಮಗುವಿಗೆ ಕಾಯಿಲೆ ಬರಿಸಬೇಕಾಗಿಲ್ಲ. ಕಲ್ಲನ್ನು ಎಲ್ಲರೂ ಬೀಸಲಿ, ಆಮೇಲೆ ಎಲ್ಲರೂ ವೃತ್ತವಾಗಿ ಕೂತು ಮಾತನಾಡಲಿ.

ಮೇಷ್ಟ್ರು, ಧಾರವಾಡ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಈ ಮಾತನ್ನು ಶಾಲೆಯವರಿಗೆ ಬರೆದೇ ಕೊಡಿ.

ಪುರಾತತ್ವ ವಿದ್ಯಾರ್ಥಿ, ಮೈಸೂರು

'ಇದೆಲ್ಲ ನಮಗೆ ಹೇಗೆ ಗೊತ್ತಾಯಿತು?' ಎಂಬ ಪ್ರಶ್ನೆ ಪ್ರತಿ ಚಟುವಟಿಕೆಯ ಜೊತೆಗೂ ಇರಲೇಬೇಕು. ಅದಿಲ್ಲದಿದ್ದರೆ ಮಕ್ಕಳಿಗೆ ಇತಿಹಾಸ ಎಂದರೆ ದೊಡ್ಡವರು ಹೇಳಿದ ಕಥೆ ಎಂದಷ್ಟೇ ಆಗುತ್ತದೆ. ಇದರಲ್ಲಿ ಯಾರ್ಕಿನ ಮಕ್ಕಳು ಭಾಗ್ಯವಂತರು. ಕಾಪರ್‌ಗೇಟಿನಲ್ಲಿ 1976ರಿಂದ 1981ರವರೆಗೆ ಉತ್ಖನನ ನಡೆಯಿತು. ಸುಮಾರು 40,000 ವಸ್ತುಗಳು ಸಿಕ್ಕವು. 1984ರಲ್ಲಿ ಅದೇ ಜಾಗದಲ್ಲಿ ಯೋರ್ವಿಕ್ ವೈಕಿಂಗ್ ಕೇಂದ್ರ ತೆರೆಯಿತು.

ಅಲ್ಲಿನ ಮಣ್ಣು ಸದಾ ನೀರುಂಡು ಒದ್ದೆಯಾಗಿರುತ್ತದೆ, ಒಳಗೆ ಗಾಳಿಯಾಡುವುದಿಲ್ಲ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗದಿದ್ದರೆ ಮರ, ಚರ್ಮ, ಉಣ್ಣೆ, ಬೀಜ, ಹುಳುಗಳ ರೆಕ್ಕೆ ಎಲ್ಲವೂ ಉಳಿಯುತ್ತವೆ. ಬೇರೆ ಕಡೆ ಕಲ್ಲು, ಲೋಹ, ಮಡಕೆ ಚೂರು ಮಾತ್ರ ಸಿಗುವಲ್ಲಿ ಇಲ್ಲಿ ಬೀದಿಯ ಜನರ ಬದುಕೇ ಸಿಕ್ಕಿತು. ಚರ್ಮದ ಪಾದರಕ್ಷೆ, ಮರದ ಬಟ್ಟಲು, ಕೊಂಬಿನ ಬಾಚಣಿಗೆ, ಎಲುಬಿನಿಂದ ಮಾಡಿದ ಹಿಮದ ಜಾರುಪಟ್ಟಿ, ಊದಿದರೆ ಇಂದಿಗೂ ನುಡಿಯುವ ಮರದ ಕೊಳಲು, ಒಂದು ಉಣ್ಣೆಯ ಕಾಲುಚೀಲ.

ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಬೇರೆಯೇ ವಸ್ತು. 1972ರಲ್ಲಿ ಯಾರ್ಕಿನ ಪೇವ್‌ಮೆಂಟ್ ಎಂಬ ಬೀದಿಯಲ್ಲಿ ಬ್ಯಾಂಕಿನ ಕಟ್ಟಡಕ್ಕೆ ಅಗೆಯುವಾಗ ಸಿಕ್ಕ ಒಬ್ಬ ವೈಕಿಂಗನ ಮಲ! ಸುಮಾರು 20 ಸೆಂಟಿಮೀಟರ್ ಉದ್ದ, ಗಟ್ಟಿಯಾಗಿ ಉಳಿದುಬಂದಿದೆ. ಆ ಮನುಷ್ಯ ಮಾಂಸ, ರೊಟ್ಟಿ ಹೆಚ್ಚಾಗಿ ತಿನ್ನುತ್ತಿದ್ದ ಎಂದು ಅದರಿಂದ ಗೊತ್ತಾಯಿತು. ಅವನ ಹೊಟ್ಟೆ ತುಂಬ ಜಂತುಹುಳು ಇದ್ದವು ಎಂದು ಅದರಲ್ಲಿದ್ದ ಹುಳುಗಳ ಮೊಟ್ಟೆಗಳಿಂದ ತಿಳಿಯಿತು. ಸಹ್ಯಾದ್ರಿ ಸರ್, ಆ ಕಾಲ ಹಿತವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಹೊಟ್ಟೆನೋವಿನಲ್ಲಿಯೇ ಬದುಕಿದ ಜನ ಅವರು.

ಒಂದು ಚಟುವಟಿಕೆ ಸೂಚಿಸುತ್ತೇನೆ. ಒಂದು ತೊಟ್ಟಿಯಲ್ಲಿ ಪದರ ಪದರವಾಗಿ ಮಣ್ಣು ಹಾಕಿ. ಮೇಲಿನ ಪದರದಲ್ಲಿ ಪ್ಲಾಸ್ಟಿಕ್ ಮುಚ್ಚಳ, ನಡುವೆ ಪಿಂಗಾಣಿ ಚೂರು, ತಳದಲ್ಲಿ ಮಣ್ಣಿನ ಬಿಲ್ಲೆಗಳ ಸಾಲು. ಮಕ್ಕಳು ಬ್ರಷ್ಷಿನಿಂದ ಬಿಡಿಸಲಿ, ಯಾವುದು ಯಾವ ಪದರದಲ್ಲಿ ಸಿಕ್ಕಿತೆಂದು ಚಿತ್ರ ಬರೆದುಕೊಳ್ಳಲಿ. ವಸ್ತು ಏನೆಂದು ನೀವು ಹೇಳಬೇಡಿ, ಅವರೇ ಊಹಿಸಲಿ. ಯಾರ್ಕಿನಲ್ಲಿಯೇ ಹಳೆಯ ಚರ್ಚೊಂದರಲ್ಲಿ ಮಕ್ಕಳಿಗಾಗಿ ಇಂಥ ಉತ್ಖನನದ ಕೇಂದ್ರವಿದೆ.

ರೋಸ್ಕಿಲ್ಡೆ ಕನ್ನಡಿಗ, ಡೆನ್ಮಾರ್ಕ್

ಚಿಕ್ಕ ವಸ್ತು ಎಷ್ಟು ದೊಡ್ಡ ಮಾತು ಹೇಳುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಲಾನ್ಸ್ ಓ ಮೆಡೋಸ್ ಎಂಬಲ್ಲಿ, ವೈಕಿಂಗರ ನೆಲೆ ಇತ್ತೆಂದು 1960ರಲ್ಲಿ ನಾರ್ವೆಯ ಇಂಗ್‌ಸ್ಟಾಡ್ ದಂಪತಿ ಗುರುತಿಸಿದರು. ಅಲ್ಲಿನ ಮರವನ್ನು ಕಡಿದದ್ದು 1021ರಲ್ಲಿ ಎಂದು ಈಗ ಖಚಿತವಾಗಿದೆ. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಮೆದುಕಲ್ಲಿನ ಒಂದು ತಕಲಿಯ ಬಿಲ್ಲೆಯೂ ಇದೆ. ಆ ಸಮಾಜದಲ್ಲಿ ನೂಲುವುದು ಹೆಂಗಸರ ಕೆಲಸವಾಗಿದ್ದರಿಂದ, ಅಟ್ಲಾಂಟಿಕ್ ದಾಟಿ ಹೋದವರಲ್ಲಿ ಹೆಂಗಸರೂ ಇದ್ದರು ಎಂಬ ತೀರ್ಮಾನಕ್ಕೆ ಆ ಬಿಲ್ಲೆಯೇ ಬಲ ಕೊಟ್ಟಿತು.

ಅಡುಗೆಮನೆ, ಬೆಳ್ತಂಗಡಿ

ಊಟದ ಬಗ್ಗೆ ಯಾರೂ ಮಾತೆತ್ತಲಿಲ್ಲವಲ್ಲ! ವೈಕಿಂಗ್ ಊಟವೆಂದು ಬರಿ ಮಾಂಸ ಇಟ್ಟರೆ ಸಸ್ಯಾಹಾರಿ ಮನೆಯ ಮಕ್ಕಳು ಏನು ಮಾಡಬೇಕು? ನಮ್ಮ ನೆಂಟರ ಮಗುವಿಗೆ ಇಂಥ ದಿನ ಬ್ರೆಡ್ಡು ಬಿಟ್ಟು ಬೇರೇನೂ ಸಿಗಲಿಲ್ಲವೆಂದು ಕೇಳಿದ್ದೆ.

ಊಸ್ ತೀರದವಳು, ಯಾರ್ಕ್

ಅಕ್ಕ, ಚಿಂತೆ ಬೇಡ. ಅವರ ದಿನದ ಊಟದಲ್ಲಿ ಬಾರ್ಲಿಗೆ ದೊಡ್ಡ ಸ್ಥಾನ. ಸ್ವೀಡನ್ನಿನ ಬಿರ್ಕಾ ಎಂಬ ವ್ಯಾಪಾರಿ ಪಟ್ಟಣದ ಸಮಾಧಿಗಳಲ್ಲಿ ಸುಟ್ಟು ಕರಿಯಾದ ಪುಟ್ಟ ರೊಟ್ಟಿಗಳೇ ಸಿಕ್ಕಿವೆ. ಬಾರ್ಲಿ ರೊಟ್ಟಿ, ಬಟಾಣಿ ಹಾಕಿ ಕುದಿಸಿದ ಗಂಜಿ, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಎಲೆಕೋಸು, ಸೇಬು, ಬೆಣ್ಣೆ, ಹೆಪ್ಪುಗಟ್ಟಿಸಿದ ಹಾಲು, ಸಿಹಿಗೆ ಜೇನು. ಆಲೂಗಡ್ಡೆ, ಟೊಮೇಟೊ, ಮೆಕ್ಕೆಜೋಳದ ತೆನೆ ಇಡಲೇಬಾರದು. ಅವು ಅಮೆರಿಕಾ ಖಂಡದವು, ಯುರೋಪಿಗೆ ಬಂದದ್ದು ಎಷ್ಟೋ ಶತಮಾನಗಳ ನಂತರ. ಹೇಜಲ್ ಬೀಜವನ್ನು ಅವರು ತುಂಬ ತಿನ್ನುತ್ತಿದ್ದರು. ಆದರೆ ಅಲರ್ಜಿ ಇರುವ ಮಕ್ಕಳಿರುವುದರಿಂದ ಅದನ್ನು ಶಾಲೆಯೊಳಗೆ ತರುವಂತಿಲ್ಲ.

ಕೆನೆಯನ್ನು ಮುಚ್ಚಳದ ಸೀಸೆಗೆ ಹಾಕಿ ಮಕ್ಕಳು ಸರದಿಯಲ್ಲಿ ಕುಲುಕುತ್ತಾರೆ. ಬೆಣ್ಣೆ ಬೇರ್ಪಟ್ಟ ಗಳಿಗೆಯಲ್ಲಿ ಅವರ ಕೂಗು ಕೇಳಬೇಕು. ರೊಟ್ಟಿಯನ್ನು ಮಾತ್ರ ದೊಡ್ಡವರು ಹಂಚಿನ ಮೇಲೆ ಸುಟ್ಟು ಕೊಡುತ್ತೇವೆ, ತೆರೆದ ಬೆಂಕಿಗೆ ಅನುಮತಿ ಇಲ್ಲ. ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರಿ ಆ ಜನರ ಹಲ್ಲು ಚಿಕ್ಕ ವಯಸ್ಸಿನಲ್ಲಿಯೇ ಸವೆಯುತ್ತಿತ್ತು. ಹಾಗಾಗಿ ಮಕ್ಕಳು ಬೀಸಿದ್ದನ್ನು ನೋಡಲು ಇಟ್ಟು, ತಿನ್ನಲು ಅಂಗಡಿಯ ಬಾರ್ಲಿ ಹಿಟ್ಟು ಬಳಸುತ್ತೇವೆ.

ಅಡುಗೆಮನೆ, ಬೆಳ್ತಂಗಡಿ

ಸಮಾಧಾನವಾಯಿತು. ಬಾರ್ಲಿ ಹಿಟ್ಟಿಗೆ ಜಿಗುಟು ಕಡಿಮೆ, ಲಟ್ಟಣಿಗೆಯಲ್ಲಿ ಒಡೆಯುತ್ತದೆ. ಬಿಸಿನೀರಿನಲ್ಲಿ ಕಲಸಿ ಕೈಯಲ್ಲಿ ತಟ್ಟಿಸಿ, ಮಕ್ಕಳಿಗೆ ಸುಲಭವಾಗುತ್ತದೆ.

ಸಹ್ಯಾದ್ರಿ ಓದುಗ

ಎಲ್ಲವನ್ನೂ ಓದಿದೆ. ನನ್ನ ಮೊದಲ ಆಕ್ಷೇಪ ಅರ್ಧ ಕರಗಿದೆ, ಇನ್ನರ್ಧ ಉಳಿದಿದೆ. ಬೀಸುವ ಕಲ್ಲಿನ ಮುಂದೆ ಕೇಳುವ ಪ್ರಶ್ನೆ ಚೆನ್ನಾಗಿದೆ. ಆದರೆ ಗಲಾಟೆಯ ನಡುವೆ ಅದನ್ನು ಕೇಳುವವರು ಯಾರು? ಪೋಷಕರು ಚಟುವಟಿಕೆ ಮುಗಿಸುವ ಅವಸರದಲ್ಲಿರುತ್ತಾರೆ. ಪ್ರತಿ ಮೇಜಿನ ಮೇಲೂ ಪ್ರಶ್ನೆಯ ಚೀಟಿ ಇಡಿ, ಮಕ್ಕಳು ಉತ್ತರ ಬರೆಯಲಿ ಅಥವಾ ಚಿತ್ರ ಬಿಡಿಸಲಿ, ಮಾರನೆಯ ದಿನ ಶಿಕ್ಷಕರು ಅದರ ಮೇಲೆಯೇ ಪಾಠ ಮಾಡಲಿ. ಆಗ ಒಪ್ಪುತ್ತೇನೆ.

ಇನ್ನೊಂದು ವಿಷಯ. ವೈಕಿಂಗರನ್ನು ಬರಿಯ ಉತ್ತರದ ಜನರೆಂದು ತೋರಿಸಬೇಡಿ. ಸ್ವೀಡನ್ನಿನ ಹೆಲ್ಗೊ ದ್ವೀಪದಲ್ಲಿ 1950ರ ದಶಕದ ಉತ್ಖನನದಲ್ಲಿ ಒಂದು ಪುಟ್ಟ ಕಂಚಿನ ಬುದ್ಧ ಸಿಕ್ಕಿದ್ದಾನೆ. ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಕಡೆ ಎರಕ ಹೊಯ್ದದ್ದು, ವೈಕಿಂಗ್ ಯುಗಕ್ಕೂ ಹಿಂದಿನದು. ಎಷ್ಟು ಕೈ ದಾಟಿ ಅಲ್ಲಿಗೆ ಹೋಯಿತೋ!

ಪುರಾತತ್ವ ವಿದ್ಯಾರ್ಥಿ, ಮೈಸೂರು

ಸರ್, ಕಾಪರ್‌ಗೇಟಿನಲ್ಲಿಯೂ ಅಂಥವು ಸಿಕ್ಕಿವೆ. ಕೆಂಪು ಸಮುದ್ರದ ಕಡೆಯ ಒಂದು ಕವಡೆ, ಪೂರ್ವದಿಂದ ಬಂದ ರೇಷ್ಮೆಯ ಒಂದು ಟೊಪ್ಪಿಗೆ, ಮಧ್ಯ ಏಷ್ಯಾದ ಸಮರ್ಕಂದದ ನಾಣ್ಯವನ್ನು ನಕಲು ಮಾಡಿದ ಒಂದು ಖೋಟಾ ನಾಣ್ಯ. ಒಂದು ಭೂಪಟ ತೂಗುಹಾಕಿ, ಮಕ್ಕಳು ಪ್ರತಿ ವಸ್ತುವಿನಿಂದ ಅದರ ತವರಿಗೆ ದಾರ ಕಟ್ಟಲಿ. ತಾವೇ ನೂತ ದಾರವಾದರೆ ಇನ್ನೂ ಒಳ್ಳೆಯದು.

ಏಳನೇ ತರಗತಿ ಟೀಚರ್, ಬೆಂಗಳೂರು

ಆಟಗಳನ್ನೂ ಸೇರಿಸಿ. ನೆಫಾಟಾಫ್ಲ್ ಎಂಬ ಅವರ ಹಲಗೆಯಾಟದಲ್ಲಿ ನಡುವೆ ರಾಜ, ಸುತ್ತ ಅವನ ಕಾವಲಿನವರು, ಅಂಚಿನಲ್ಲಿ ಅವರ ಇಮ್ಮಡಿ ಸಂಖ್ಯೆಯ ದಾಳಿಕೋರರು. ರಾಜ ತಪ್ಪಿಸಿಕೊಂಡರೆ ಒಬ್ಬರಿಗೆ ಗೆಲುವು, ಸಿಕ್ಕಿಬಿದ್ದರೆ ಇನ್ನೊಬ್ಬರಿಗೆ. ಎರಡು ಕಡೆಯ ಬಲ ಸಮನಾಗಿಲ್ಲದ ನಮ್ಮ ಹುಲಿ-ಕುರಿ ಆಟ ಗೊತ್ತಿರುವವರಿಗೆ ಇದರ ತಿರುಳು ಕೂಡಲೇ ಹಿಡಿಯುತ್ತದೆ. ಐರ್ಲೆಂಡಿನ ಬ್ಯಾಲಿಂಡೆರಿಯಲ್ಲಿ 1932ರಲ್ಲಿ ಸಿಕ್ಕ ಮರದ ಹಲಗೆಯಲ್ಲಿ ಒಂದು ಸಾಲಿಗೆ 7ರಂತೆ ಒಟ್ಟು 49 ತೂತುಗಳಿವೆ. ಅದೇ ಅಳತೆಯಲ್ಲಿ ರಟ್ಟಿನ ಮೇಲೆ ಬರೆದು, ಹುಣಸೆ ಬೀಜ ಮತ್ತು ಕಡಲೆಕಾಳು ಇಟ್ಟು ನನ್ನ ತರಗತಿಯಲ್ಲಿ ಆಡಿಸಿದೆ. ಗಲಾಟೆಯ ಹುಡುಗರೂ ಗಂಟೆಗಟ್ಟಲೆ ಕೂತು ಯೋಚಿಸಿದರು.

ಬಟ್ಟೆಗೆ ಸಂಬಂಧಪಟ್ಟದ್ದನ್ನೇ ನಮ್ಮಲ್ಲಿಯೂ ಮಾಡಿಸಬೇಕೆಂದಿದ್ದೇನೆ. ಮಗ್ಗ ಕಟ್ಟುವಷ್ಟು ಜಾಗ, ಹಣ ಇಲ್ಲ. ಸಣ್ಣದಾಗಿ ಏನಾದರೂ ಇದೆಯೇ?

ಊಸ್ ತೀರದವಳು, ಯಾರ್ಕ್

ಇದೆ, ಟೀಚರ್. ಹಲಗೆ ನೇಯ್ಗೆ ಮಾಡಿಸಿ, ಅಂದರೆ ಮಗ್ಗದ ಬದಲು ತೂತಿರುವ ಪುಟ್ಟ ಚೌಕ ಹಲಗೆಗಳಿಂದ ನೇಯುವುದು. ನಾರ್ವೆಯ ಓಸೆಬೆರ್ಗ್‌ನಲ್ಲಿ 1904ರಲ್ಲಿ ಅಗೆದ ಹಡಗಿನ ಸಮಾಧಿ 834ರದ್ದು. ಇಬ್ಬರು ಹೆಂಗಸರನ್ನು ಅಲ್ಲಿ ಹೂಳಿದ್ದರು. ಬಂಡಿ, ಮಂಚ, ಅಡುಗೆ ಪಾತ್ರೆಗಳ ಜೊತೆಗೆ ಅರ್ಧ ನೇಯ್ದ ಪಟ್ಟಿಯೊಂದು 52 ಹಲಗೆಗಳ ಸಮೇತ ಸಿಕ್ಕಿತು. ಅಂಗಿಯ ಅಂಚಿಗೆ ಹೊಲಿಯುವ ಬಣ್ಣದ ಪಟ್ಟಿಯನ್ನು ಹೀಗೆ ನೇಯುತ್ತಿದ್ದರು.

ಶಾಲೆಗೆ ಎಂಟು ಹಲಗೆ ಸಾಕು. ಹಳೆಯ ಇಸ್ಪೀಟು ಎಲೆಯನ್ನು ಚೌಕವಾಗಿ ಕತ್ತರಿಸಿ ಮೂಲೆಗಳನ್ನು ಗುಂಡಗೆ ಮಾಡಿ, ನಾಲ್ಕು ಮೂಲೆಯಲ್ಲಿ ನಾಲ್ಕು ತೂತು ಹೊಡೆಯಿರಿ. ಒಂದೊಂದು ತೂತಿಗೆ ಒಂದೊಂದು ಎಳೆ. ಎರಡು ಕಡು ಬಣ್ಣ, ಎರಡು ತಿಳಿ ಬಣ್ಣ ಇದ್ದರೆ ವಿನ್ಯಾಸ ಎದ್ದು ಕಾಣುತ್ತದೆ. ಎಲ್ಲ ಎಳೆಗಳ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮಗುವಿನ ಸೊಂಟಪಟ್ಟಿಗೆ ಕಟ್ಟಿ. ಎಂಟೂ ಹಲಗೆಗಳನ್ನು ಒಟ್ಟಿಗೆ ಕಾಲು ಸುತ್ತು ತಿರುಗಿಸಿ, ತೆರೆದ ಬಾಯಿಯಲ್ಲಿ ಹೊಕ್ಕಿನ ಎಳೆ ದಾಟಿಸಿ ಬಿಗಿಯಿರಿ, ಮತ್ತೆ ತಿರುಗಿಸಿ. ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಆ ಕಡೆ ಎಳೆಗಳು ತಿರುಚಿಕೊಳ್ಳುತ್ತವೆ, ಆಗ ದಿಕ್ಕು ಬದಲಿಸಿ.

ಕಂಬಳಿ ಮನೆ, ಚಳ್ಳಕೆರೆ

ಟೀಚರ್, ಹಾಸಿನ ಎಳೆಗೆ ಹತ್ತಿಯ ದಾರವನ್ನೇ ಹಾಕಿ. ಹೊಸಬರ ಕೈಯಲ್ಲಿ ಉಣ್ಣೆಯ ಎಳೆ ಉಜ್ಜಿ ಉಜ್ಜಿ ನಾರೆದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ತೂತಿನ ಹತ್ತಿರ ಹರಿಯುತ್ತದೆ. ಉಣ್ಣೆಯಲ್ಲಿಯೇ ಮಾಡಿಸುವುದಾದರೆ ಹಾಸಿನ ಎಳೆಗೆ ಗಂಜಿ ಹಚ್ಚಿ ಒಣಗಿಸಿ. ನಾವು ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಸುತ್ತೇವೆ. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದರೆ ಆಯಿತು. ಯಾರ್ಕಿನ ಮೇಡಂ ಮಕ್ಕಳಿಗೂ ಅಷ್ಟೇ: ಜಿಡ್ಡಿನ ಉಣ್ಣೆ ಚಳಿಯಲ್ಲಿ ಗಟ್ಟಿಯಾಗುತ್ತದೆ, ಹಿಂಜುವ ಮೊದಲು ಸ್ವಲ್ಪ ಹೊತ್ತು ಬಿಸಿಲಲ್ಲೋ ಹೀಟರಿನ ಹತ್ತಿರವೋ ಇಡಿ, ಬೆರಳಿಗೆ ಸಲೀಸಾಗಿ ಬಿಡುತ್ತದೆ.